ನೀಲಮಣಿಗೆ ಪುಟವಿಡುವ ವಿದ್ಯೆ: ಒಂದು ಚಾರಿತ್ರಿಕ ವಿವೇಚನೆ

ಮಾಣಿಕ್ಯವೂ ನೀಲಮಣಿಯೂ ಕುರುವಿಂದವೆಂಬ ಒಂದೇ ಖನಿಜದ ಎರಡು ಭೇದಗಳು. ಇಂದು ಪೇಟೆಗೆ ಬರುವ ನೀಲಮಣಿಗಳಲ್ಲಿ ಬಹುಪಾಲು ಕುಲುಮೆಯಲ್ಲಿ ಕಾಯಿಸಿ ಬಣ್ಣವೇರಿಸಿದವುಗಳೇ ಆಗಿವೆ. ಈ ಪದ್ಧತಿಯು 1970ರ ದಶಕದಲ್ಲಿ ಥಾಯ್ಲೆಂಡಿನ ವರ್ತಕರಿಂದ ಹುಟ್ಟಿತೆಂಬ ಅಭಿಪ್ರಾಯ ಕೆಲವೆಡೆ ಕಂಡುಬರುತ್ತದೆ. ಇದು ಎಷ್ಟರಮಟ್ಟಿಗೆ ನಿಲ್ಲಬಲ್ಲುದೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಗರುಡಪುರಾಣದ ರತ್ನಪರೀಕ್ಷೆಯ ಭಾಗವು ಬುದ್ಧಭಟ್ಟನ 'ರತ್ನಪರೀಕ್ಷಾ' ಗ್ರಂಥದೊಡನೆ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ. ಅಲ್ಲಿ ಇಂದ್ರನೀಲಕ್ಕೆ ಸಿಂಹಳವನ್ನು ಆಕರವೆಂದು ಹೇಳಿದೆ. ತನಗಿಂತ ನೂರುಪಾಲು ಹೆಚ್ಚಾದ ಹಾಲಿಗೂ ತನ್ನ ನೀಲಿಯನ್ನು ಹರಡುವ ಮಣಿಯನ್ನು ಮಹಾನೀಲವೆಂದು ಕರೆದಿದೆ. ನಮಗೆ ಮುಖ್ಯವಾದುದು ಇದೇ ಪ್ರಕರಣದ ಒಂದು ನಿಷೇಧ. ಪದ್ಮರಾಗಕ್ಕಿಂತ ಇಂದ್ರನೀಲವು ಹೆಚ್ಚು ಬೆಂಕಿಯನ್ನು ತಾಳಬಲ್ಲುದಾದರೂ, ಪರೀಕ್ಷೆಗಾಗಲಿ ಗುಣವನ್ನು ಹೆಚ್ಚಿಸುವುದಕ್ಕಾಗಲಿ ಮಣಿಯನ್ನು ಬೆಂಕಿಗೆ ಇಡಕೂಡದು. ಬೆಂಕಿಯ ಪ್ರಮಾಣವನ್ನರಿಯದೆ ಸುಟ್ಟ ಮಣಿಯಿಂದ ಅದರ ಒಡೆಯನಿಗೂ, ಸುಟ್ಟವನಿಗೂ, ಸುಡಿಸಿದವನಿಗೂ ಕೇಡು ತಪ್ಪದು ಎಂಬುದು ಅದರ ತಾತ್ಪರ್ಯ. ಯಾರೂ ಮಾಡದ ಕಾರ್ಯವನ್ನು ಶಾಸ್ತ್ರಕಾರನು ನಿಷೇಧಿಸುವ ಅಗತ್ಯವಿಲ್ಲ. ಗುಣವೃದ್ಧಿಗಾಗಿ ಮಣಿಗಳನ್ನು ಕಾಯಿಸುವ ರೂಢಿ ಆಗಲೇ ಇದ್ದಿತೆಂದೂ, ಬೆಂಕಿಯ ಹದ ತಪ್ಪಿ ಮಣಿಗಳು ಹಾಳಾಗುತ್ತಿದ್ದುವೆಂದೂ ಈ ವಚನದಿಂದ ಊಹಿಸಬಹುದು.

ಹೊರಗಿನ ಸಾಕ್ಷ್ಯಗಳೂ ಇದಕ್ಕೆ ಪೋಷಕವಾಗಿವೆ. ಕುರುವಿಂದದ ಮಣಿಗಳನ್ನು ಕಾಯಿಸಿ ಶೋಧಿಸುವ ಕ್ರಮವನ್ನು 11ನೆಯ ಶತಮಾನದಲ್ಲಿ ಅಲ್‌ಬಿರೂನಿಯೂ, 13ನೆಯ ಶತಮಾನದಲ್ಲಿ ಅಲ್‌ತಿಫಾಶಿಯೂ ಬಲ್ಲವರಾಗಿದ್ದರು. 16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸನಾದ ದುಆರ್ತೆ ಬಾರ್ಬೋಸನು ಸಿಂಹಳದಲ್ಲಿ ಮಾಣಿಕ್ಯಗಳನ್ನು ಕಾಯಿಸಿ ಬಣ್ಣವನ್ನು ಉತ್ತಮಪಡಿಸುತ್ತಿದ್ದುದನ್ನು ತಿಳಿಸಿದ್ದಾನೆ. ಆ ದ್ವೀಪದ ಬೇರುವಲದಂತಹ ಊರುಗಳಲ್ಲಿ ಇದ್ದಿಲ ಬೆಂಕಿಯನ್ನು ಊದುಗೊಳವೆಯಿಂದ ಊದಿ ಕಲ್ಲನ್ನು ಪುಟವಿಡುವ ಕಸುಬು ಇತ್ತೀಚಿನವರೆಗೂ ಉಳಿದುಬಂದಿತು.

ಹಾಗಾದರೆ 1970ರ ದಶಕದಲ್ಲಿ ಹೊಸದಾಗಿ ಆದುದೇನು? ಊದುಗೊಳವೆಯ ಬೆಂಕಿ ಮುಖ್ಯವಾಗಿ ಬೇಡದ ಛಾಯೆಯನ್ನು ಕಳೆಯುತ್ತಿತ್ತು. ಮಾಣಿಕ್ಯದಲ್ಲಿ ಬೆರೆತ ನೀಲಿ ಅದರಿಂದ ತೊಲಗುತ್ತಿತ್ತು. ಹೊಸ ಕುಲುಮೆಯಾದರೋ ಇಲ್ಲದ ನೀಲಿಯನ್ನು ತೋರಿಸಿತು. ಸಿಂಹಳದಲ್ಲಿ 'ಗೆವುಡ' ಎಂಬ ಹೆಸರಿನ, ಹಾಲಿನಂತೆ ಮಬ್ಬಾದ ಕಲ್ಲುಗಳಿಗೆ ಬೆಲೆಯೇ ಇರಲಿಲ್ಲ. ಟೈಟೇನಿಯಂ ಆಕ್ಸೈಡಿನ ಅತಿಸೂಕ್ಷ್ಮ ಕಣಗಳೇ ಆ ಮಬ್ಬಿಗೆ ಕಾರಣ. ಆಮ್ಲಜನಕ ಕಡಿಮೆಯಿರುವ ಕುಲುಮೆಯಲ್ಲಿ 1500 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲ್ಪಟ್ಟು ಕಾಯಿಸಿದಾಗ ಆ ಕಣಗಳು ಕರಗಿ, ಟೈಟೇನಿಯಂ ಕಲ್ಲಿನಲ್ಲಿ ಮೊದಲೇ ಇರುವ ಕಬ್ಬಿಣದೊಡನೆ ಜೊತೆಗೂಡುತ್ತದೆ. ಈ ಜೋಡಿಯೇ ನೀಲಿಯ ಮೂಲ. ಥಾಯ್ಲೆಂಡಿನ ವರ್ತಕರು ಗೆವುಡವನ್ನು ಅಗ್ಗವಾಗಿ ಕೊಂಡೊಯ್ದು, ಅದನ್ನೇ ಬೆಲೆಬಾಳುವ ನೀಲಮಣಿಯನ್ನಾಗಿ ಮಾರಿದರು. ಅಗೆದವನಿಗೆ ದೊರೆಯದ ಲಾಭ ಕುಲುಮೆಯ ಹದವನ್ನು ಬಲ್ಲವನಿಗೆ ದೊರೆಯಿತು. ವಿದ್ಯೆ ಹಳೆಯದು, ಅಗ್ನಿಪ್ರಮಾಣದ ಜ್ಞಾನ ಮಾತ್ರ ಹೊಸದು.

ಆದರೆ ಎಲ್ಲ ಸಂಸ್ಕಾರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಕೇವಲ ಕಾಯಿಸುವುದರಿಂದ ಕಲ್ಲಿನೊಳಗೆ ಇದ್ದುದೇ ಪ್ರಕಟವಾಗುತ್ತದೆ. ಹೊರಗಿನಿಂದ ಟೈಟೇನಿಯಮ್ಮನ್ನು ಲೇಪಿಸಿ ಕಾಯಿಸಿದರೆ ಬಣ್ಣವು ಮೇಲ್ಪದರದಲ್ಲಿ ಮಾತ್ರ ನಿಲ್ಲುವುದುಂಟು. ಸಾಣೆ ಹಿಡಿದರೆ ಅದು ಹೋದೀತು. 2001-02ರ ವೇಳೆಗೆ ಬೆಳಕಿಗೆ ಬಂದ ಬೆರಿಲಿಯಂ ಪ್ರಯೋಗದಲ್ಲಿ ಹೊರಗಿನ ಧಾತುವು ಇನ್ನೂ ಆಳಕ್ಕೆ ಇಳಿಯುತ್ತದೆ. ಅದನ್ನು ಗುರುತಿಸಲು ಪ್ರಯೋಗಾಲಯದ ಸೂಕ್ಷ್ಮ ಉಪಕರಣಗಳೇ ಬೇಕು.

ಮೇಲಿನ ಆಧಾರಗಳಿಂದ, ಪುಟವಿಟ್ಟ ಮಣಿಯೆಲ್ಲ ಈ ಕಾಲದ ಕಪಟವೆನ್ನುವುದು ಇತಿಹಾಸಕ್ಕೆ ಒಪ್ಪತಕ್ಕ ಮಾತಲ್ಲವೆಂದು ತಿಳಿಯುತ್ತದೆ. ಕಪಟವು ಬೆಂಕಿಯಲ್ಲಿಲ್ಲ, ಅದನ್ನು ಮುಚ್ಚಿಡುವುದರಲ್ಲಿದೆ. ಪ್ರಾಚೀನ ಶಾಸ್ತ್ರಕಾರನು ಸುಟ್ಟವನನ್ನೂ ಸುಡಿಸಿದವನನ್ನೂ ಒಡೆಯನ ಜೊತೆಯಲ್ಲಿಯೇ ಎಣಿಸಿದನು. ಇಂದು ಬೆಂಕಿಯ ಪ್ರಮಾಣ ತಿಳಿದಿದೆ. ಮಣಿ ಹಾಳಾಗುವ ಭಯ ಕಡಿಮೆಯಾಗಿದೆ. ಆದರೂ ಮಾಡಿದ ಸಂಸ್ಕಾರವನ್ನು ಕೊಳ್ಳುವವನಿಗೆ ತಿಳಿಸದಿದ್ದಲ್ಲಿ ನಷ್ಟವೆಲ್ಲವೂ ಒಡೆಯನೊಬ್ಬನ ಪಾಲಿಗೇ ಬರುತ್ತದೆ.