ಕಾನೂನು, ಮೈದಾನ, ತಂಡ: ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಮಹಿಳಾ ಫುಟ್‌ಬಾಲ್ ಇತಿಹಾಸ (1979–2024)

ಪೀಠಿಕೆ

ಅಮೆರಿಕದ ಮಹಿಳಾ ಫುಟ್‌ಬಾಲ್ ತಂಡ 1991, 1999, 2015 ಮತ್ತು 2019ರಲ್ಲಿ ವಿಶ್ವಕಪ್ ಗೆದ್ದಿತು. ಪುರುಷರ ವಿಶ್ವಕಪ್‌ನಲ್ಲಿ ಒಮ್ಮೆಯೂ ಫೈನಲ್ ತಲುಪದ ದೇಶ ಮಹಿಳೆಯರ ಆಟದಲ್ಲಿ ಇಷ್ಟು ಮುಂದೆ ಬಂದದ್ದು ಹೇಗೆ? ಪ್ರತಿಭೆ, ಸಿರಿತನ ಎಂಬ ಉತ್ತರ ಸಾಲದು. ಇವೆರಡೂ ಇದ್ದ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ 1921ರಲ್ಲಿ ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳನ್ನು ಮಹಿಳೆಯರಿಗೆ ಮುಚ್ಚಿಬಿಟ್ಟಿತು. ಅವು ಮತ್ತೆ ತೆರೆಯಲು ಸುಮಾರು 50 ವರ್ಷ ಬೇಕಾಯಿತು. ಆಡುವ ಆಸೆಯುಳ್ಳ ಹುಡುಗಿಯರು ಎಲ್ಲ ಕಾಲದಲ್ಲೂ ಇದ್ದರು. ಅವರಿಗೆ ಆಡಲು ಜಾಗ ಯಾರು ಕೊಟ್ಟರು, ಯಾವ ಒತ್ತಡಕ್ಕೆ ಮಣಿದು ಕೊಟ್ಟರು ಎಂಬುದೇ ಇತಿಹಾಸಕಾರರು ಕೇಳಬೇಕಾದ ಪ್ರಶ್ನೆ.

ಚಾಪೆಲ್ ಹಿಲ್‌ನಲ್ಲಿರುವ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಮಹಿಳಾ ಫುಟ್‌ಬಾಲ್ ತಂಡದ ಚರಿತ್ರೆಯನ್ನು ಈ ಲೇಖನ ಅದೇ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುತ್ತದೆ. ಸಾಮಾನ್ಯವಾಗಿ ಈ ಚರಿತ್ರೆಯನ್ನು ಆನ್ಸನ್ ಡೋರನ್ಸ್ ಎಂಬ ಒಬ್ಬ ಕೋಚ್‌ನ ಸಾಧನೆಯೆಂದು ಹೇಳುವುದುಂಟು. ಸಂಸ್ಥೆಗಳನ್ನು ಕಟ್ಟಿಹಾಕಿದ ಒಂದು ಕಾನೂನು, ಆ ಕಾನೂನಿನ ಬಲದಲ್ಲಿ ಹಕ್ಕು ಕೇಳಿದ ವಿದ್ಯಾರ್ಥಿನಿಯರು ಮತ್ತು ಒಂದು ತರಬೇತಿ ಕ್ರಮ ಮೂರೂ ಕೂಡಿ ಈ ತಂಡವನ್ನು ಕಟ್ಟಿದವು ಎಂಬುದು ಇಲ್ಲಿನ ವಾದ.

ಹಿನ್ನೆಲೆ: 1972ರ ಕಾನೂನು

ಅಧ್ಯಕ್ಷ ರಿಚರ್ಡ್ ನಿಕ್ಸನ್ 1972ರ ಜೂನ್ 23ರಂದು ಸಹಿ ಹಾಕಿದ ಶಿಕ್ಷಣ ತಿದ್ದುಪಡಿ ಕಾನೂನಿನ ಒಂಬತ್ತನೇ ಭಾಗಕ್ಕೆ 'ಟೈಟಲ್ ನೈನ್' ಎಂದು ಹೆಸರು. ಕೇಂದ್ರ ಸರ್ಕಾರದ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ ಎಂಬುದು ಅದರ ಸಾರ. ಕಾನೂನಿನ ಪಠ್ಯದಲ್ಲಿ ಕ್ರೀಡೆಯ ಮಾತೇ ಇರಲಿಲ್ಲ. 1975ರಲ್ಲಿ ಜಾರಿಗೆ ಬಂದ ನಿಯಮಗಳು ಕ್ರೀಡೆಯನ್ನೂ ಅದರೊಳಗೆ ತಂದವು. ಕಾಲೇಜುಗಳು ತಮ್ಮ ವ್ಯವಸ್ಥೆ ಸರಿಪಡಿಸಿಕೊಳ್ಳಲು 1978ರ ಜುಲೈವರೆಗೆ ಗಡುವು ಸಿಕ್ಕಿತು.

ಪರಿಣಾಮ ಅಂಕಿಗಳಲ್ಲಿ ಎದ್ದು ಕಾಣುತ್ತದೆ. 1971–72ರಲ್ಲಿ ಅಮೆರಿಕದ ಪ್ರೌಢಶಾಲಾ ಕ್ರೀಡೆಗಳಲ್ಲಿ ಭಾಗವಹಿಸಿದ ಹುಡುಗಿಯರು 3 ಲಕ್ಷಕ್ಕಿಂತ ಕಡಿಮೆ. 2018–19ರ ಹೊತ್ತಿಗೆ ಅವರ ಸಂಖ್ಯೆ ಸುಮಾರು 34 ಲಕ್ಷ.

ವಿಶ್ವವಿದ್ಯಾಲಯಗಳು ಮಹಿಳಾ ಫುಟ್‌ಬಾಲ್‌ನತ್ತ ಒಲಿಯಲು ಇನ್ನೊಂದು ಲೆಕ್ಕಾಚಾರವೂ ಇತ್ತು. ಪುರುಷರ ಅಮೆರಿಕನ್ ಫುಟ್‌ಬಾಲ್ ತಂಡವೊಂದಕ್ಕೇ ದೊಡ್ಡ ವಿಶ್ವವಿದ್ಯಾಲಯಗಳು 85 ವಿದ್ಯಾರ್ಥಿವೇತನ ಕೊಡುತ್ತಿದ್ದವು. ಆ ಭಾರವನ್ನು ಸರಿದೂಗಿಸಲು ಮಹಿಳೆಯರಿಗೂ ಹೆಚ್ಚು ಜನ ಆಡಬಹುದಾದ ಆಟ ಬೇಕಿತ್ತು. ಬಹುಕಾಲ ಜಾರಿಯಲ್ಲಿದ್ದ ಮಿತಿಯಂತೆ ಮಹಿಳಾ ಫುಟ್‌ಬಾಲ್ ತಂಡಕ್ಕೆ 14 ಪೂರ್ಣ ವಿದ್ಯಾರ್ಥಿವೇತನಗಳಿದ್ದರೆ, ಅದೇ ಆಟದ ಪುರುಷರ ತಂಡಕ್ಕೆ ಇದ್ದದ್ದು 9.9. ಸಮಾನತೆಯ ಕಾಳಜಿಯಷ್ಟೇ ಲೆಕ್ಕಪತ್ರದ ಅನಿವಾರ್ಯವೂ ಈ ಆಟವನ್ನು ಬೆಳೆಸಿತು.

1979: ಮನವಿಯಿಂದ ತಂಡಕ್ಕೆ

ಚಾಪೆಲ್ ಹಿಲ್‌ನಲ್ಲಿ ವಿದ್ಯಾರ್ಥಿನಿಯರು ಆಗಲೇ ತಮ್ಮದೇ ಒಂದು ಕ್ಲಬ್ ಕಟ್ಟಿಕೊಂಡು ಆಡುತ್ತಿದ್ದರು. ಅದಕ್ಕೆ ವಿಶ್ವವಿದ್ಯಾಲಯದ ಅಧಿಕೃತ ತಂಡದ ಸ್ಥಾನಮಾನ ಬೇಕೆಂದು ಕ್ರೀಡಾ ನಿರ್ದೇಶಕ ಬಿಲ್ ಕೋಬಿ ಅವರಿಗೆ ಮನವಿ ಕೊಟ್ಟರು. ಕೋಬಿ ಪುರುಷರ ತಂಡದ ಕೋಚ್ ಡೋರನ್ಸ್ ಅವರೊಡನೆ ಹೋಗಿ ಆಟ ನೋಡಿದರು; ಈ ತಂಡವನ್ನೂ ನೋಡಿಕೊಳ್ಳುತ್ತೀರಾ ಎಂದು ಅವರನ್ನೇ ಕೇಳಿದರು. 1951ರಲ್ಲಿ ಮುಂಬೈಯಲ್ಲಿ ಹುಟ್ಟಿದ ಡೋರನ್ಸ್, ಹಲವು ದೇಶಗಳಲ್ಲಿ ಬೆಳೆದು ಇದೇ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದ್ದವರು. 1988ರವರೆಗೆ ಅವರು ಎರಡೂ ತಂಡಗಳ ಹೊಣೆ ಹೊತ್ತರು.

ಈ ಅನುಕ್ರಮವನ್ನು ಗಮನಿಸಬೇಕು. ಮೊದಲು ಕಾನೂನು, ಆಮೇಲೆ ವಿದ್ಯಾರ್ಥಿನಿಯರ ಮನವಿ, ಕೊನೆಯಲ್ಲಿ ಕೋಚ್. ಚರಿತ್ರೆಯ ಜನಪ್ರಿಯ ಕಥನಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ.

ಆರಂಭದಲ್ಲಿ ಎದುರಾಳಿಗಳಿಗೇ ಬರ. ಮಹಿಳಾ ಫುಟ್‌ಬಾಲ್ ತಂಡವಿದ್ದ ವಿಶ್ವವಿದ್ಯಾಲಯಗಳು ವಿರಳವಾಗಿದ್ದರಿಂದ ಹೊರಗಿನ ಕ್ಲಬ್‌ಗಳೊಡನೆಯೂ ಆಡಬೇಕಾಯಿತು. ರಾಷ್ಟ್ರಮಟ್ಟದ ಟೂರ್ನಿ ಬೇಕೆಂದು ಒತ್ತಾಯಿಸಿದವರಲ್ಲಿ ಡೋರನ್ಸ್ ಒಬ್ಬರು. ಮಹಿಳೆಯರೇ ನಡೆಸುತ್ತಿದ್ದ ಅಂತರ ಕಾಲೇಜು ಮಹಿಳಾ ಕ್ರೀಡಾ ಸಂಘ 1981ರಲ್ಲಿ ಅಂಥ ಟೂರ್ನಿಯನ್ನು ಏರ್ಪಡಿಸಿತು. ನಾರ್ತ್ ಕ್ಯಾರೊಲಿನಾ ಗೆದ್ದಿತು. ಮರುವರ್ಷ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘ, ಅಂದರೆ ಎನ್‌ಸಿಎಎ, 12 ತಂಡಗಳ ಟೂರ್ನಿ ಆರಂಭಿಸಿತು. ಅಲ್ಲಿಯೂ ಸೆಂಟ್ರಲ್ ಫ್ಲಾರಿಡಾವನ್ನು 2–0ಯಿಂದ ಸೋಲಿಸಿ ಇದೇ ತಂಡ ಗೆದ್ದಿತು. ಪ್ರಬಲ ಎನ್‌ಸಿಎಎ ಮಹಿಳಾ ಕ್ರೀಡೆಗೆ ಕಾಲಿಟ್ಟೊಡನೆ ಮಹಿಳೆಯರ ಸ್ವಂತ ಸಂಘ ಮುಚ್ಚಿಹೋಯಿತು. ಅವಕಾಶ ಹಿಗ್ಗಿದಾಗಲೇ ಆಡಳಿತ ಮಹಿಳೆಯರ ಕೈತಪ್ಪಿತು.

ಗೆಲುವಿನ ಕಾಲ ಮತ್ತು ತರಬೇತಿಯ ಕ್ರಮ

1982ರಿಂದ 1994ರವರೆಗಿನ 13 ಎನ್‌ಸಿಎಎ ಟೂರ್ನಿಗಳಲ್ಲಿ 12 ಈ ತಂಡದ ಪಾಲಾದವು. 1985ರ ಫೈನಲ್‌ನಲ್ಲಿ ಮಾತ್ರ ಜಾರ್ಜ್ ಮೇಸನ್ ಗೆದ್ದಿತು. 1986ರಿಂದ 1990ರವರೆಗೆ ಸತತ 103 ಪಂದ್ಯಗಳಲ್ಲಿ ತಂಡ ಸೋಲಲಿಲ್ಲ. ಕನೆಕ್ಟಿಕಟ್ ಎದುರಿನ ಸೋಲಿನ ನಂತರ ಸತತ 92 ಪಂದ್ಯ ಗೆದ್ದು, 1994ರಲ್ಲಿ ನಾಟ್ರ್ ಡೇಮ್ ಜೊತೆ ಗೋಲಿಲ್ಲದ ಡ್ರಾದಲ್ಲಿ ಆ ಸರಣಿ ನಿಂತಿತು.

ಮೊದಲು ಹೊರಟವರಿಗೆ ಸಿಗುವ ಅನುಕೂಲ ಇದಕ್ಕೊಂದು ಕಾರಣ. ಒಳ್ಳೆಯ ಆಟಗಾರ್ತಿಗೆ ವಿದ್ಯಾರ್ಥಿವೇತನ ಕೊಡುವ ತಂಡಗಳು ಕಡಿಮೆಯಿದ್ದಾಗ ಹೆಸರಿದ್ದ ಕಡೆಗೇ ಎಲ್ಲರೂ ಬಂದರು. ಇನ್ನೊಂದು ಕಾರಣ ತರಬೇತಿಯ ಕ್ರಮ. ಇದೇ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಕೋಚ್ ಡೀನ್ ಸ್ಮಿತ್ ಅವರ ಅಭ್ಯಾಸಗಳನ್ನು ನೋಡಿ ಡೋರನ್ಸ್ ಅದನ್ನು ರೂಪಿಸಿಕೊಂಡರು. ಓಟ, ಒಬ್ಬರಿಗೆ ಒಬ್ಬರ ಸೆಣಸಾಟ, ಗೋಲಿನತ್ತ ಒದೆತ, ತಲೆಯಿಂದ ಚೆಂಡು ಹೊಡೆಯುವುದು, ಸಣ್ಣ ತಂಡಗಳ ಆಟ ಹೀಗೆ ಅಭ್ಯಾಸದ ಒಂದೊಂದು ಹಂತದಲ್ಲೂ ಯಾರು ಗೆದ್ದರು, ಯಾರು ಸೋತರು ಎಂಬುದನ್ನು ಮೈದಾನದ ಅಂಚಿನಲ್ಲಿ ನಿಂತವರು ಬರೆದುಕೊಳ್ಳುತ್ತಿದ್ದರು. ಆ ಲೆಕ್ಕ ಒಂದನೇ ಸ್ಥಾನದಿಂದ ಕೊನೆಯ ಸ್ಥಾನದವರೆಗೆ ಪಟ್ಟಿಯಾಗಿ ಎಲ್ಲರಿಗೂ ಕಾಣುವಂತೆ ಫಲಕದಲ್ಲಿ ಬರುತ್ತಿತ್ತು. ಹುಡುಗಿಯರು ಗೆಳತಿಯರ ಮೇಲೆ ಪೈಪೋಟಿಗಿಳಿಯಬಾರದು ಎಂಬ ಆ ಕಾಲದ ಸಾಮಾಜಿಕ ನಿರೀಕ್ಷೆಯನ್ನು ಈ ಪಟ್ಟಿ ನೇರವಾಗಿ ಮುರಿಯಿತು. ಗೆಲ್ಲಬೇಕೆಂಬ ಹಟವನ್ನು ಅಲ್ಲಿ ಯಾರೂ ಮುಚ್ಚಿಡಬೇಕಿರಲಿಲ್ಲ.

ವಿಶ್ವವಿದ್ಯಾಲಯದಿಂದ ವಿಶ್ವಕಪ್‌ಗೆ

ಡೋರನ್ಸ್ 1986ರಿಂದ 1994ರವರೆಗೆ ರಾಷ್ಟ್ರೀಯ ತಂಡದ ಕೋಚ್ ಕೂಡ ಆಗಿದ್ದರು. ಚೀನಾದಲ್ಲಿ 1991ರಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್‌ಗೆ ಹೋದ 18 ಅಮೆರಿಕನ್ ಆಟಗಾರ್ತಿಯರಲ್ಲಿ 9 ಮಂದಿ ನಾರ್ತ್ ಕ್ಯಾರೊಲಿನಾದವರು. ನಾಯಕಿ ಏಪ್ರಿಲ್ ಹೈನ್ರಿಕ್ಸ್, 19 ವರ್ಷದ ಮಿಯಾ ಹ್ಯಾಮ್, ಕ್ರಿಸ್ಟಿನ್ ಲಿಲಿ ಅವರಲ್ಲಿ ಸೇರಿದ್ದರು. ಗ್ವಾಂಗ್‌ಝೌನ ಫೈನಲ್‌ನಲ್ಲಿ ನಾರ್ವೆಯ ಎದುರು 2–1ರ ಗೆಲುವು ತಂದ ಎರಡೂ ಗೋಲು ಮಿಶೆಲ್ ಏಕರ್ಸ್ ಅವರದು. ಏಕರ್ಸ್ ಕಲಿತದ್ದು ಸೆಂಟ್ರಲ್ ಫ್ಲಾರಿಡಾದಲ್ಲಿ. ಅಂದರೆ ರಾಷ್ಟ್ರೀಯ ತಂಡದ ಬೇರು ಒಂದೇ ಕ್ಯಾಂಪಸ್ಸಿನಲ್ಲಿರಲಿಲ್ಲ, ಕಾಲೇಜು ಟೂರ್ನಿಗಳ ವ್ಯವಸ್ಥೆಯಲ್ಲೇ ಇತ್ತು.

1999ರ ಜುಲೈ 10ರಂದು ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ 90,185 ಪ್ರೇಕ್ಷಕರ ಮುಂದೆ ನಡೆದ ಫೈನಲ್‌ನ ಒಂದು ಗಳಿಗೆ ಉಲ್ಲೇಖಾರ್ಹ. ಹೆಚ್ಚುವರಿ ಅವಧಿಯಲ್ಲಿ ಚೀನಾಕ್ಕೆ ಕಾರ್ನರ್ ಕಿಕ್ ಸಿಕ್ಕಿತು. ತಲೆಯಿಂದ ಹೊಡೆದ ಚೆಂಡು ಗೋಲ್‌ಕೀಪರ್ ಅನ್ನು ದಾಟಿತು. ಚೆಂಡು ಒಳಗೆ ಬಿದ್ದಿದ್ದರೆ ಆಗಿನ ನಿಯಮದಂತೆ ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು. ಕಂಬದ ಬಳಿ ಗೆರೆಯ ಮೇಲೆ ಕಾವಲು ನಿಂತಿದ್ದ ಲಿಲಿ ಅದನ್ನು ತಲೆಯಿಂದಲೇ ಹೊರದಬ್ಬಿದರು. ಅಮೆರಿಕ ಪೆನಾಲ್ಟಿ ಒದೆತಗಳಲ್ಲಿ ಗೆದ್ದಿತು. ನಾರ್ತ್ ಕ್ಯಾರೊಲಿನಾಗೆ 1989ರಿಂದ 1992ರವರೆಗೆ ಆಡಿದ ಲಿಲಿ ಒಟ್ಟು 354 ಅಂತರರಾಷ್ಟ್ರೀಯ ಪಂದ್ಯಗಳ ದಾಖಲೆ ಬರೆದರು.

ಅಧಿಕಾರ ಮತ್ತು ಹೊಣೆ

ಗೆಲುವುಗಳ ಪಟ್ಟಿಯಷ್ಟನ್ನೇ ಕೊಟ್ಟು ಈ ಚರಿತ್ರೆಯನ್ನು ಮುಗಿಸುವುದು ಪ್ರಾಮಾಣಿಕವಾಗದು. 1998ರಲ್ಲಿ ಇಬ್ಬರು ಮಾಜಿ ಆಟಗಾರ್ತಿಯರು ಡೋರನ್ಸ್ ಮತ್ತು ವಿಶ್ವವಿದ್ಯಾಲಯದ ವಿರುದ್ಧ ಲೈಂಗಿಕ ಕಿರುಕುಳದ ಮೊಕದ್ದಮೆ ಹೂಡಿದರು. ಡೋರನ್ಸ್ ಆರೋಪವನ್ನು ನಿರಾಕರಿಸಿದರು. ಒಂದು ಪ್ರಕರಣ 2004ರಲ್ಲಿ, ಮತ್ತೊಂದು 2008ರಲ್ಲಿ ರಾಜಿಯಲ್ಲಿ ಕೊನೆಗೊಂಡವು. ಆಟಗಾರ್ತಿಯರ ಖಾಸಗಿ ಬದುಕಿನ ಬಗೆಗಿನ ಮಾತುಗಳಲ್ಲಿ ಪಾಲ್ಗೊಂಡದ್ದಕ್ಕೆ ಡೋರನ್ಸ್ ಕ್ಷಮೆ ಕೇಳಿದರು. ತಂಡ ಹುಟ್ಟಲು ಕಾರಣವಾದ ಟೈಟಲ್ ನೈನ್ ಅಡಿಯಲ್ಲೇ ಈ ದಾವೆಯೂ ನಡೆಯಿತು. ಮೈದಾನಕ್ಕೆ ಪ್ರವೇಶ ಕೊಟ್ಟ ಕಾನೂನು ಮೈದಾನದೊಳಗಿನ ಘನತೆಯನ್ನೂ ಕೇಳುವ ಹಕ್ಕು ಕೊಟ್ಟಿತ್ತು.

ಕೋಚ್‌ಗಳ ವಿಷಯವೂ ಹೀಗೆಯೇ. 1972ರಲ್ಲಿ ಕಾಲೇಜು ಮಹಿಳಾ ತಂಡಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ತಂಡಗಳಿಗೆ ಮಹಿಳೆಯರೇ ಕೋಚ್ ಆಗಿದ್ದರು. ಸಂಬಳ, ಪ್ರತಿಷ್ಠೆ ಬಂದಂತೆ ಪುರುಷರು ಬಂದರು. ಮಹಿಳೆಯರ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು. ಚಾಪೆಲ್ ಹಿಲ್‌ನ ಹಳೆಯ ವಿದ್ಯಾರ್ಥಿನಿಯರು ಈ ಹರಿವಿಗೆ ಎದುರಾಗಿ ನಡೆದರು. ಹೈನ್ರಿಕ್ಸ್ ಕೋಚ್ ಆಗಿದ್ದಾಗ ಅಮೆರಿಕ 2004ರ ಒಲಿಂಪಿಕ್ ಚಿನ್ನ ಗೆದ್ದಿತು. ಸಿಂಡಿ ಪಾರ್ಲೋ ಕೋನ್ 2020ರಲ್ಲಿ ಅಮೆರಿಕದ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷೆಯಾದರು. 2022ರಲ್ಲಿ ಮಹಿಳಾ ಮತ್ತು ಪುರುಷ ರಾಷ್ಟ್ರೀಯ ತಂಡಗಳಿಗೆ ಸಮಾನ ವೇತನದ ಒಪ್ಪಂದ ಆದದ್ದು ಅವರ ಅಧಿಕಾರಾವಧಿಯಲ್ಲಿ.

ಪಾಲು ಇಳಿದುದರ ಅರ್ಥ

2000ದವರೆಗಿನ 19 ಟೂರ್ನಿಗಳಲ್ಲಿ ನಾರ್ತ್ ಕ್ಯಾರೊಲಿನಾ 16 ಗೆದ್ದಿತ್ತು. ಮುಂದಿನ 23 ಟೂರ್ನಿಗಳಲ್ಲಿ ಗೆದ್ದದ್ದು 5 ಮಾತ್ರ. ಇದನ್ನು ಅವನತಿ ಎನ್ನುವುದು ದುಡುಕಾದೀತು. 12 ತಂಡಗಳ ಟೂರ್ನಿ 2001ಕ್ಕೆ 64 ತಂಡಗಳದ್ದಾಯಿತು; ಉನ್ನತ ವಿಭಾಗದಲ್ಲಿ ಇಂದು 300ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳಿಗೆ ಮಹಿಳಾ ಫುಟ್‌ಬಾಲ್ ತಂಡವಿದೆ. ಒಂದೇ ಊರಿನಲ್ಲಿ ಕೂಡಿದ್ದ ಪ್ರತಿಭೆ ದೇಶದ ತುಂಬ ಹರಡಿತು. ಇದರ ಲಾಭ ಅಮೆರಿಕದ ಹೊರಗೂ ತಲುಪಿತು: 2022ರಲ್ಲಿ ಯುರೋ ಕಪ್ ಗೆದ್ದ ಇಂಗ್ಲೆಂಡ್ ತಂಡದ ಲೂಸಿ ಬ್ರಾಂಜ್, ಅಲೆಸಿಯಾ ರುಸ್ಸೊ, ಲೊಟ್ಟೆ ವುಬೆನ್-ಮೋಯ್ ಮೂವರೂ ಚಾಪೆಲ್ ಹಿಲ್‌ನಲ್ಲಿ ಆಡಿದವರು.

ಉಪಸಂಹಾರ

900ಕ್ಕೂ ಹೆಚ್ಚು ಗೆಲುವುಗಳ ನಂತರ ಡೋರನ್ಸ್ 2024ರ ಆಗಸ್ಟ್‌ನಲ್ಲಿ, ಋತು ಆರಂಭವಾಗುವ ಹೊಸ್ತಿಲಲ್ಲಿ ನಿವೃತ್ತರಾದರು. ಅವರ ಸಹಾಯಕರಾಗಿದ್ದ ಡೇಮನ್ ನಹಾಸ್ ತಾತ್ಕಾಲಿಕವಾಗಿ ಹೊಣೆ ವಹಿಸಿಕೊಂಡರು. ಅದೇ ವರ್ಷದ ಡಿಸೆಂಬರ್ 9ರಂದು ತಂಡ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯವನ್ನು 1–0ಯಿಂದ ಮಣಿಸಿ, 43 ಎನ್‌ಸಿಎಎ ಟೂರ್ನಿಗಳಲ್ಲಿ ತನ್ನ 22ನೆಯದನ್ನು ಗೆದ್ದಿತು. ಕಟ್ಟಿದವರು ಹೋದ ಮೇಲೂ ಗೆಲ್ಲಬಲ್ಲ ತಂಡ ಒಬ್ಬರ ಸೃಷ್ಟಿಯಾಗಿರಲಾರದು. ಮಹಿಳಾ ಕ್ರೀಡೆಯ ಇತಿಹಾಸ ಬರೆಯುವವರು ಪದಕಗಳ ಪಟ್ಟಿಗಿಂತ ಮೊದಲು ಮನವಿ ಪತ್ರಗಳನ್ನು, ಆಯವ್ಯಯದ ಲೆಕ್ಕಗಳನ್ನು, ಮೈದಾನ ಹಂಚಿಕೆಯ ಆದೇಶಗಳನ್ನು ಓದಬೇಕು. ಆ ಕಡತಗಳಲ್ಲಿ ಹುಡುಗಿಯರ ಹೆಸರಿಗೆ ಜಾಗ ಸಿಕ್ಕ ವರ್ಷದಿಂದಲೇ ಆಟದ ನಿಜವಾದ ಚರಿತ್ರೆ ಶುರುವಾಗುತ್ತದೆ.