ಲಾಹೋರಿನ ನ್ಯಾಯಾಧೀಶರ ಸಂದೇಹ

ಈಚೆಗೆ ಒಂದು ಚರ್ಚಾಕೂಟಕ್ಕೆ ತೀರ್ಪುಗಾರನಾಗಿ ಕುಳಿತಿದ್ದೆ. ಪ್ಯಾಲೆಸ್ತೀನಿಗೆ ದ್ವಿರಾಷ್ಟ್ರ ಪರಿಹಾರ ಇನ್ನೂ ಸಾಧ್ಯವೇ ಎಂಬುದು ವಿಷಯ. ಒಬ್ಬ ಹುಡುಗ ಎದ್ದು, ದ್ವಿರಾಷ್ಟ್ರವೆಂದರೆ ಜಿನ್ನಾ ಅವರ ಸಿದ್ಧಾಂತವಲ್ಲವೇ ಎಂದ. ಸಭೆ ನಕ್ಕಿತು. ಜಿನ್ನಾ ಹೇಳಿದ್ದು ಎರಡು ಜನಾಂಗಗಳ ಮಾತು, ಇಲ್ಲಿರುವುದು ಎರಡು ಸರ್ಕಾರಗಳ ಮಾತು. ಕನ್ನಡದಲ್ಲಿ ರಾಷ್ಟ್ರವೆಂಬ ಒಂದೇ ಶಬ್ದ ಎರಡು ಹೊರೆಯನ್ನೂ ಹೊರುತ್ತದೆ. ಆದರೂ ಆ ಹುಡುಗ ತನಗೆ ತಿಳಿಯದೆಯೇ 1947ರ ಒಂದು ಪ್ರಸಂಗದ ಸಮೀಪಕ್ಕೆ ಬಂದಿದ್ದ.

ಆ ವರ್ಷ ಬ್ರಿಟಿಷರು ಪ್ಯಾಲೆಸ್ತೀನಿನ ಭಾರವನ್ನು ವಿಶ್ವಸಂಸ್ಥೆಯ ಹೆಗಲಿಗೆ ದಾಟಿಸಿದರು. ಹನ್ನೊಂದು ದೇಶಗಳ ಸಮಿತಿಯೊಂದು ನೇಮಕವಾಯಿತು. ಏಳು ದೇಶಗಳು ನಾಡನ್ನು ಅರಬ್ಬರಿಗೂ ಯೆಹೂದ್ಯರಿಗೂ ಹಂಚಬೇಕೆಂದವು. ಆಸ್ಟ್ರೇಲಿಯ ಯಾವ ಪಕ್ಷಕ್ಕೂ ಸೇರಲಿಲ್ಲ. ಇರಾನ್, ಯುಗೋಸ್ಲಾವಿಯ, ಭಾರತ ಈ ಮೂರು ಮಾತ್ರ ಒಡೆಯುವುದು ಬೇಡ, ಜೆರೂಸಲೆಮ್ ರಾಜಧಾನಿಯಾಗಿ ಒಂದು ಒಕ್ಕೂಟವಾಗಲಿ ಎಂದವು. ಭಾರತದ ಪ್ರತಿನಿಧಿ ಲಾಹೋರ್ ಹೈಕೋರ್ಟಿನ ನ್ಯಾಯಾಧೀಶರಾದ ಸರ್ ಅಬ್ದುರ್ ರಹಮಾನ್. ವರದಿಗೆ ಜಿನೀವಾದಲ್ಲಿ ರುಜು ಬಿದ್ದದ್ದು ಆಗಸ್ಟ್ 31ರಂದು. ಅದಕ್ಕೆ ಹದಿನಾಲ್ಕು ದಿನ ಮೊದಲು ರ್‍ಯಾಡ್‌ಕ್ಲಿಫ್ ರೇಖೆ ಪ್ರಕಟವಾಗಿ ಲಾಹೋರು ಪಾಕಿಸ್ತಾನಕ್ಕೆ ಸೇರಿಹೋಗಿತ್ತು. ತಮ್ಮ ಊರೇ ಗೆರೆಯ ಆಚೆಗೆ ಹೋದ ಸುದ್ದಿಯನ್ನು ಹೊತ್ತು ಆ ಮನುಷ್ಯ ಇನ್ನೊಂದು ನಾಡಿನ ಗೆರೆಯನ್ನು ವಿರೋಧಿಸುತ್ತ ಕುಳಿತಿದ್ದರು.

ಅವರ ಪಕ್ಷದ ಸಂದೇಹ ಬರಿಯ ಭಾವುಕತೆಯಲ್ಲ. ಏಳು ದೇಶಗಳ ಲೆಕ್ಕದಲ್ಲೇ ಯೆಹೂದ್ಯರ ಪಾಲಿನಲ್ಲಿ 4,98,000 ಯೆಹೂದ್ಯರ ಜೊತೆಗೆ 4,07,000 ಅರಬ್ಬರು ಬರುತ್ತಿದ್ದರು, ಬೆದುವಿನರು ಬೇರೆ. ಒಂದೊಂದು ಪಾಲೂ ಮೂರು ಮೂರು ತುಂಡು. ಎರಡಕ್ಕೂ ಸೇರಿ ನಾಣ್ಯ, ರೈಲು, ಸುಂಕ ಎಲ್ಲ ಒಂದೇ ಇರಬೇಕು. ಒಲೆ ಬೇರೆಯಾಗಿ ಉಗ್ರಾಣ ಒಂದೇ ಇದ್ದ ಮನೆಯ ಸ್ಥಿತಿ ನಮಗೆ ಗೊತ್ತಿಲ್ಲದ್ದೇನಲ್ಲ! ನವೆಂಬರ್ 29ರಂದು ವಿಭಜನೆಗೆ 33 ಮತ, ವಿರುದ್ಧ 13, ತಟಸ್ಥರು 10. ಆಗ ತಾನೆ ಒಡೆದಿದ್ದ ಭಾರತ, ಪಾಕಿಸ್ತಾನಗಳೆರಡೂ ವಿರುದ್ಧವಾಗಿ ಮತ ಹಾಕಿದವು.

ಒಂದು ಕಾಲಕ್ಕೆ ಆ ಮೂವರ ಅಭಿಪ್ರಾಯವನ್ನು ನಾನು ದೊಡ್ಡ ದೂರದೃಷ್ಟಿಯೆಂದು ಕೊಂಡಾಡುತ್ತಿದ್ದೆ. ಈಗ ಅಷ್ಟು ಧೈರ್ಯವಿಲ್ಲ. ಅವರ ಒಕ್ಕೂಟ ಅರಬ್ಬರಿಗೂ ಬೇಡವಾಗಿತ್ತು, ಯೆಹೂದ್ಯರಿಗೂ ಬೇಡವಾಗಿತ್ತು. ಹಿಟ್ಲರನ ಕೈಯಲ್ಲಿ ಅರವತ್ತು ಲಕ್ಷ ಜನರನ್ನು ಕಳೆದುಕೊಂಡವರಿಗೆ, ಮತ್ತೆ ಅಲ್ಪಸಂಖ್ಯಾತರಾಗಿ ಬಾಳಿರಿ ಎಂದು ಹೇಳುವ ಬಾಯಿ ಯಾರಿಗಿತ್ತು? ಸಂದೇಹ ಸರಿಯಿತ್ತು, ಮದ್ದು ಇರಲಿಲ್ಲ.

ಮುಂದಿನದು ತಿಳಿದದ್ದೇ. 1949ರ ಕದನವಿರಾಮದ ಹೊತ್ತಿಗೆ ನಾಡಿನ ಶೇಕಡ 78 ಇಸ್ರೇಲಿನದಾಗಿತ್ತು, ಸುಮಾರು ಏಳು ಲಕ್ಷ ಅರಬ್ಬರು ಮನೆಮಠ ಕಳೆದುಕೊಂಡಿದ್ದರು. ಉಳಿದದ್ದೂ 1967ರಲ್ಲಿ ಅದರ ಸೇನೆಯ ವಶವಾಯಿತು. 1993ರ ಓಸ್ಲೋ ಒಪ್ಪಂದದಲ್ಲಿ ಪ್ಯಾಲೆಸ್ತೀನ್ ರಾಷ್ಟ್ರದ ವಾಗ್ದಾನವೇ ಇಲ್ಲ. 1995ರಲ್ಲಿ ಪಶ್ಚಿಮ ದಂಡೆಯನ್ನು ಮೂರು ವಲಯಗಳಾಗಿ ಒಡೆದರು. ಸುಮಾರು ಶೇಕಡ 60ರಷ್ಟು ಇಸ್ರೇಲಿನ ಹಿಡಿತದಲ್ಲೇ ಉಳಿಯಿತು. ಪೂರ್ವ ಜೆರೂಸಲೆಮ್ ಬಿಟ್ಟು ಅಲ್ಲಿ 1993ರಲ್ಲಿ ಲಕ್ಷಕ್ಕೆ ತುಸು ಮೇಲಿದ್ದ ಇಸ್ರೇಲಿ ವಲಸೆಗಾರರು ಈಗ ಐದು ಲಕ್ಷ ಮೀರಿದ್ದಾರೆ. ಜನ ಹೆಣೆದುಕೊಂಡಿದ್ದಾರೆ, ಗೆರೆ ಎಳೆಯುವುದು ಹೇಗೆಂಬುದು 1947ರ ಸಂದೇಹ. ಅಂದು ಆ ಹೆಣಿಗೆ ತಾನಾಗಿ ಇದ್ದದ್ದು. ಇಂದಿನದನ್ನು ಕಾಂಕ್ರೀಟು ಸುರಿದು ಹೆಣೆದಿದ್ದಾರೆ. ಈ ಭೇದ ಚಿಕ್ಕದಲ್ಲವೆಂದು ನನ್ನ ಭಾವನೆ.

ಅಂದು ಬೇಡವೆಂದ ಭಾರತ 1988ರಲ್ಲಿ ಪ್ಯಾಲೆಸ್ತೀನನ್ನು ಮಾನ್ಯಮಾಡಿತು. ಇಂದು ಎರಡು ರಾಷ್ಟ್ರಗಳ ಪಕ್ಷವನ್ನೇ ಹಿಡಿದಿದೆ. 2023ರ ಅಕ್ಟೋಬರ್ 7ರ ಹತ್ಯಾಕಾಂಡ, ಅದರ ಹಿಂದೆಯೇ ಗಾಜಾದ ವಿನಾಶ, ಇಷ್ಟೂ ಆದ ಮೇಲೆ 2025ರ ಸೆಪ್ಟೆಂಬರಿನಲ್ಲಿ ಬ್ರಿಟನ್, ಫ್ರಾನ್ಸ್, ಕೆನಡಾಗಳೂ ಪ್ಯಾಲೆಸ್ತೀನಿಗೆ ಮಾನ್ಯತೆ ಕೊಟ್ಟವು. ಜಿನೀವಾದಲ್ಲಿ ಸುಮ್ಮನಿದ್ದ ಆಸ್ಟ್ರೇಲಿಯವೂ ಕೊಟ್ಟಿತು. ಅಂತಿಮ ಗಡಿಯನ್ನು ಮಾತ್ರ ಮುಂದಿನ ಮಾತುಕತೆಗೆ ಬಿಟ್ಟಿದ್ದಾರೆ.