ನೀರಿಗಿಳಿಯುವ ಲಾರಿ

ನನ್ನ ಗಂಡನ ಅಜ್ಜ, ಇಂಗ್ಲಿಷರು, ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ‘ಡಕ್’ ಓಡಿಸಿದವರು. ಹಡಗಿನ ಪಕ್ಕಕ್ಕೇ ಹೋಗಿ ಸಾಮಾನು ತುಂಬಿಕೊಂಡು, ಅಲೆ ಸೀಳಿ, ಹಾಗೇ ಮರಳೇರಿ ರಸ್ತೆ ಹಿಡಿಯುವ ಆರು ಚಕ್ರದ ಲಾರಿ ಅದು. ಹೊರುತ್ತಿದ್ದುದು ಎರಡೂವರೆ ಟನ್. ವೇಗ ನೆಲದ ಮೇಲೆ ಗಂಟೆಗೆ 80 ಕಿ.ಮೀ., ನೀರಲ್ಲಿ ಬರೀ ಹತ್ತು. ನನಗೆ ಬೆರಗೆನಿಸಿದ್ದು ಬೇರೆಯದೇ: ಚಾಲಕ ಕೂತಲ್ಲಿಂದಲೇ ಟೈರಿನ ಗಾಳಿ ಇಳಿಸಿ ಏರಿಸಬಹುದಿತ್ತು, ಮರಳಿಗೆ ಮೆತ್ತಗೆ, ರಸ್ತೆಗೆ ಬಿಗಿ. 1943ರ ಜುಲೈನಲ್ಲಿ ಸಿಸಿಲಿಯಲ್ಲಿ ಪಳಗಿದ ಈ ಗಾಡಿಗಳೇ 1944ರ ಜೂನ್‌ನಲ್ಲಿ ನಾರ್ಮಂಡಿಯ ದಂಡೆಗೆ ಗುಂಡುಮದ್ದು ಸಾಗಿಸಿದವು.

ಅಜ್ಜ ಮನೆಯಲ್ಲಿ ಹೇಳಿದ್ದು ಕಡಲವಾಂತಿಯ ಕತೆ ಮಾತ್ರ. ಉಳಿದದ್ದು ಸಂಬಳದ ಪುಸ್ತಕ. ಅದರಲ್ಲಿ ‘ಟಿ’ಯಿಂದ ಶುರುವಾಗುವ ಸೇವಾ ಸಂಖ್ಯೆ, ರಾಯಲ್ ಆರ್ಮಿ ಸರ್ವಿಸ್ ಕೋರ್‌ನ ಸಾರಿಗೆಯವರ ಗುರುತು. ಅವರಿದ್ದ ಸೇನಾ ತುಕಡಿ (ಕಂಪನಿ) ಯಾವುದೆಂದು ತಿಳಿದ ಮೇಲೆ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಅದರ ಯುದ್ಧದಿನಚರಿ ತೆಗೆಸಿದೆ. ಡಬ್ಲ್ಯು.ಒ. 171 ಎಂಬ ಸರಣಿಯಲ್ಲಿ ಸಿಕ್ಕಿತು. ಅಧಿಕಾರಿಗಳ ಹೆಸರುಂಟು, ಚಾಲಕರದು ಅಪರೂಪ. ಸೈನ್ಯದ ಕಾಗದ ಎಲ್ಲೆಡೆ ಹೀಗೇ ಇರಬೇಕು.

ನಿಮ್ಮ ಮನೆಯಲ್ಲೂ ಹಳೆಯ ಸೈನಿಕರಿದ್ದರೆ, ಸಾಹಸದ ಕತೆ ಕೇಳುವ ಮೊದಲು ಸೇವಾ ಸಂಖ್ಯೆ ಬರೆದಿಟ್ಟುಕೊಳ್ಳಿ.